ಬೇರೆ ಇಟ್ಟ ತಾಟು

ಅಪ್ಪನ ತಾಟನ್ನು ದಾನೇಶ್ವರಿ ಎಲ್ಲಕ್ಕೂ ಕೊನೆಗೆ ತೊಳೆಯುತ್ತಿದ್ದಳು. ಮೊದಲು ತನ್ನದು, ಆಮೇಲೆ ಪಲ್ಯದ ಬೋಗುಣಿ, ಹಿಟ್ಟು ನಾದಿದ ಪರಾತ, ಚಹಾದ ಲೋಟಗಳು. ಅವನ್ನೆಲ್ಲ ಬುಟ್ಟಿಯಲ್ಲಿ ಬೋರಲು ಹಾಕಿದ ಮೇಲೆ, ನಲ್ಲಿಕಟ್ಟೆಯ ಮೂಲೆಯಲ್ಲಿ ಒಂಟಿಯಾಗಿ ಬಿದ್ದಿರುತ್ತಿದ್ದ ಹಸಿರು ಪ್ಲಾಸ್ಟಿಕ್ ತಾಟನ್ನು ಹತ್ತಿರ ಎಳೆದುಕೊಳ್ಳುವಳು. ಅದಕ್ಕೆ ಬೇರೆ ನಾರು, ಬೇರೆ ಸಾಬೂನಿನ ತುಂಡು. ತೊಳೆದ ಮೇಲೂ ಅದು ಬುಟ್ಟಿಗೆ ಸೇರುವಂತಿರಲಿಲ್ಲ. ಕಿಟಕಿಯ ಸರಳಿಗೆ ಆನಿಸಿ ನಿಲ್ಲಿಸಬೇಕಿತ್ತು. ಹಾಗೆ ಮಾಡೆಂದು ಹೇಳಿದ ಅವ್ವ ಊರಿಗೆ ಹೋಗಿ ಎರಡು ತಿಂಗಳಾಗುತ್ತ ಬಂದಿತ್ತು. ಈಗ ನೋಡುವವರಿಲ್ಲ, ತಪ್ಪು ಹಿಡಿಯುವವರಿಲ್ಲ. ಆದರೂ ದಾನೇಶ್ವರಿಯ ಕೈ ಅದೇ ಸರದಿಯಲ್ಲಿ ಓಡುತ್ತಿತ್ತು.

ಹೊಸ್ತಿಲ ಮೇಲೆ ಕೂತಿದ್ದ ಅಪ್ಪ ಗಂಗಪ್ಪ ಅದನ್ನು ನೋಡುತ್ತಿದ್ದ. ನೋಡುತ್ತಿದ್ದಾನೆಂದು ಮಗಳಿಗೆ ಗೊತ್ತಿತ್ತು. ಪೀಣ್ಯದ ಹಿಂದಿನ ಆ ಗಲ್ಲಿಯಲ್ಲಿ ತಗಡಿನ ಸೂರಿನ ಕೋಣೆಗಳ ಸಾಲು ಬೆಳಿಗ್ಗೆಯ ಪಾಳಿಗೆ ಹೊರಟುಹೋಗಿ ಆಗಲೇ ಖಾಲಿಯಾಗಿತ್ತು. ಯಾರದೋ ಕೋಣೆಯಲ್ಲಿ ಮರೆತು ಬಿಟ್ಟ ಫ್ಯಾನು ಕಿರುಗುಟ್ಟುತ್ತಿತ್ತು. ದಾನೇಶ್ವರಿ ತಾಟನ್ನು ಸರಳಿಗೆ ಆನಿಸಿದಳು, ಕೈ ಒರೆಸಿಕೊಂಡಳು, ಅಪ್ಪನ ಆಸ್ಪತ್ರೆಯ ಚೀಲ ತೆಗೆದುಕೊಂಡಳು.

ತಾಟಿನ ಸಂಗತಿ ಮೊದಲಿನಿಂದ ಹೀಗಿರಲಿಲ್ಲ. ಮನೆಯಲ್ಲಿ ಒಂದು ಸ್ಟೀಲಿನ ತಾಟಿತ್ತು, ದೊಡ್ಡದು, ಅಂಚಿನಲ್ಲಿ ಒಂದು ಕಡೆ ತಗ್ಗಿದ್ದುದು. ಮದುವೆಯಲ್ಲಿ ಅವ್ವನ ತವರಿನವರು ಹಾಕಿದ್ದು. ಹಿಂಭಾಗದಲ್ಲಿ ಚುಕ್ಕಿಚುಕ್ಕಿಯಾಗಿ ಇಬ್ಬರ ಹೆಸರನ್ನೂ ಕೊರೆಸಿದ್ದರು. ಯಲಬುರ್ಗಾ ಕಡೆಯ ಅವರ ಊರಿನಲ್ಲಿ ಹೆಂಗಸರು ಗಂಡ ಉಂಡ ತಾಟಿನಲ್ಲೇ ತಾವೂ ಬಡಿಸಿಕೊಳ್ಳುತ್ತಿದ್ದರು. ಈ ಊರಿಗೆ ಬಂದ ಮೇಲೆ ಅವ್ವ ಮರೆವ್ವ ಬಹಳಷ್ಟನ್ನು ಬಿಟ್ಟಳು. ಸೋಮವಾರದ ಒಪ್ಪತ್ತು ಬಿಟ್ಟಳು, ತಲೆಯ ಮೇಲಿನ ಸೆರಗು ಬಿಟ್ಟಳು, ಕಟ್ಟಡದ ಕೆಲಸಕ್ಕೆ ಗಂಡಸರ ಅಂಗಿ ತೊಟ್ಟಳು. ತಾಟನ್ನು ಮಾತ್ರ ಬಿಡಲಿಲ್ಲ. ಗಂಗಪ್ಪ ಉಂಡು ಎದ್ದರೆ ಆ ತಾಟಿಗೆ ನೀರು ಮುಟ್ಟಿಸದೆ ಅದರಲ್ಲೇ ರೊಟ್ಟಿ ಮುರಿದುಕೊಂಡು ಕೂರುತ್ತಿದ್ದಳು. ಅವನು ಅಂಚಿನಲ್ಲಿ ಬೇಕೆಂದೇ ಒಂದು ಚೂರು ಬೆಲ್ಲವನ್ನೋ ನಾಲ್ಕು ಶೇಂಗಾ ಕಾಳನ್ನೋ ಉಳಿಸಿ ಏಳುತ್ತಿದ್ದ. ಅದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ದಾನೇಶ್ವರಿ ಮೂಲೆಯಲ್ಲಿ ಕೂತು ನೋಡಿ ಬೆಳೆದಿದ್ದಳು.

ನೋಡುವುದು ಅವಳಿಗೆ ಒಲಿದ ಕೆಲಸ. ಮಾತು ಒಲಿದಿರಲಿಲ್ಲ. ಎಂಟನೇ ತರಗತಿಯ ನಡುವೆ ಶಾಲೆ ಬಿಡಿಸಿ ಕರೆತಂದಾಗ ಇಲ್ಲಿನ ಶಾಲೆಗೆ ಹೋಗುವ ಮಾತಾಗಿತ್ತು. ಹೊಸ ಮೇಷ್ಟ್ರ ಮುಂದೆ ನಿಂತು ಹೆಸರು ಹೇಳಲು ಬಾಯೇ ಬರದೆ ಮರಳಿ ಬಂದವಳು ಮತ್ತೆ ಆ ಕಡೆ ಹೋಗಲಿಲ್ಲ. ಈಗ ಇಪ್ಪತ್ತರ ಹತ್ತಿರ ಬಂದಿದ್ದಳು. ಶ್ರೀಧರ್ ಎಂಬುವರ ಸಣ್ಣ ಕಾರ್ಖಾನೆಯಲ್ಲಿ, ಪವರ್ ಪ್ರೆಸ್ಸಿನಿಂದ ಬೀಳುವ ವಾಷರುಗಳನ್ನು ಬೆಳಕಿಗೆ ಹಿಡಿದು, ಅಂಚು ಒರಟಾದವನ್ನು ಬೇರೆ ಹಾಕುವುದು ಅವಳ ಕೆಲಸ. ದಿನವಿಡೀ ಒಂದು ಮಾತೂ ಆಡದೆ ಮಾಡಬಹುದಾಗಿತ್ತು.

ಅಪ್ಪನ ಕೆಲಸ ಮರದ್ದು. ಯಂತ್ರಗಳನ್ನು ದೂರದೂರಿಗೆ ಕಳಿಸುವಾಗ ಸುತ್ತ ಹೊಡೆಯುವ ಪೆಟ್ಟಿಗೆ, ಅಡಿಗಿಡುವ ಚೌಕಟ್ಟು ಇವನ್ನು ಮಾಡುವ ಶೆಡ್ಡಿನಲ್ಲಿ ಅವನು ಗರಗಸದ ಯಂತ್ರ ನಡೆಸುತ್ತಿದ್ದ. ಸಂಜೆ ಮನೆಗೆ ಬಂದಾಗ ರೆಪ್ಪೆಯ ಮೇಲೂ ಹೊಟ್ಟು ಕೂತಿರುತ್ತಿತ್ತು. ಆ ಕೆಲಸ ಸಿಕ್ಕಿದ್ದಕ್ಕೆ ಒಂದು ಕತೆಯಿತ್ತು. ಶೆಡ್ಡಿನ ಮೇಸ್ತ್ರಿ ಕೊಟ್ರಪ್ಪ, ಗರಗಸ ಬರುತ್ತದೇನಯ್ಯ ಎಂದು ಕೇಳಿದನಂತೆ. ಅದುವರೆಗೆ ಮಣ್ಣು ಹೊತ್ತದ್ದು ಬಿಟ್ಟರೆ ಬೇರೆ ಕೆಲಸ ಕಾಣದ ಗಂಗಪ್ಪ, ಹೂಂರೀ ಅಂದನಂತೆ. ಅಂದ ಮೇಲೆ ಕಲಿತ. ಇನ್ನೊಮ್ಮೆ ಬೇರೆ ಯಾರೋ ಮುರಿದ ಅಲಗನ್ನು ಎತ್ತಿ ತೋರಿಸಿ, ನೀನೇನೋ ಮುರಿದದ್ದು ಎಂದು ಕೇಳಿದಾಗಲೂ ಹೂಂರೀ ಅಂದು, ಎಲ್ಲರೆದುರು ಬೈಸಿಕೊಂಡು ಬಂದಿದ್ದ. ದೊಡ್ಡವರು ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದುದು ಅದೊಂದೇ. ಮರೆವ್ವ ಅದನ್ನು ಹಿಡಿದು ಆಡಿಕೊಂಡು ನಗುತ್ತಿದ್ದಳು.

"ನಿಮ್ಮಪ್ಪನ್ನ, ನೀ ಹುಲಿ ಏನೋ ಗಂಗಪ್ಪ ಅಂತ ಸಾಹುಕಾರ ಕೇಳ್ಲಿ. ಹೂಂರೀ ಅಂತಾನ. ಮ್ಯಾಲೆ ಬಾಲಾನೂ ಹುಡುಕ್ಕೋತಾನ."

ಆಗ ಅವನೂ ನಗುತ್ತಿದ್ದ, ತಾಟಿನಲ್ಲಿ ಬೆಲ್ಲ ಬಿಟ್ಟು ಏಳುತ್ತಿದ್ದ.

ಅವನ ಎಡಮೂಗು ಕಟ್ಟಿಕೊಂಡದ್ದನ್ನು ಬಹಳ ದಿನ ನೆಗಡಿ ಅಂದುಕೊಂಡರು. ಹೊಟ್ಟಿನ ನಡುವೆ ಇರುವವನಿಗೆ ಮೂಗು ಕಟ್ಟದೆ ಇರುತ್ತದೆಯೇ ಅಂದುಕೊಂಡರು. ರಕ್ತ ಬಂದ ಮೇಲೆ ದೊಡ್ಡಾಸ್ಪತ್ರೆಗೆ ಹೋದರು. ದುರ್ಮಾಂಸ ಬೆಳೆದಿದೆ ಎಂದು ಮೂಗಿನ ಒಳಗಿಂದಲೇ ತೆಗೆದರು. ಅದು ಮತ್ತೆ ಬಂತು. ಈ ಸಲ ಕೆನ್ನೆಯ ಮೂಳೆಯ ಒಳಗಿನ ಪೊಳ್ಳಿನವರೆಗೆ ಹಬ್ಬಿತ್ತು. ಒಂದು ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು. ಅವತ್ತು ಆಸ್ಪತ್ರೆಗೆ ಮೂವರೂ ಹೋಗಿದ್ದರು.

ಚೂರು ತೆಗೆದುಕೊಂಡ ಡಾಕ್ಟರು ನಿವೇದಿತಾ, ಓದು ಇನ್ನೂ ಮುಗಿಯದ ಚಿಕ್ಕ ವಯಸ್ಸಿನವಳು. ಮೂಗಿನ ಇಂಥ ಗಡ್ಡೆಗಳಲ್ಲಿ ಕೆಲವೊಮ್ಮೆ, ಗಂಡು ಹೆಣ್ಣಿನ ಸಂಬಂಧದಿಂದಲೂ ಹರಡಬಲ್ಲ ಒಂದು ವೈರಸ್ ಸಿಗುತ್ತದೆ, ಎಲ್ಲರಲ್ಲೂ ಅಲ್ಲ, ಯಾರಲ್ಲಿ ಸಿಗುತ್ತದೆ, ಸಿಕ್ಕರೆ ಗಡ್ಡೆ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುತ್ತಿದ್ದೇನೆ ಎಂದು ಹೇಳಿದಳು. ಅದಕ್ಕಾಗಿ ಎಲ್ಲ ರೋಗಿಗಳನ್ನೂ ಕೇಳುವ ಪ್ರಶ್ನೆಗಳನ್ನು ಕೇಳತೊಡಗಿದಳು. ಹಿಂದೆ ಸಾಲು ದೊಡ್ಡದಿತ್ತು. ಅವಳು ತಲೆ ಎತ್ತದೆ ಕೇಳಿಕೊಂಡು ಹೋದಳು. ಬೀಡಿ ಸೇದುತ್ತೀರಾ? ಹೂಂರೀ. ಕುಡಿಯುತ್ತೀರಾ? ಹೂಂರೀ. ಮದುವೆಯಾಚೆ ಬೇರೆ ಹೆಂಗಸರ ಜೊತೆ ಸಂಬಂಧ ಇತ್ತಾ?

ಹೂಂರೀ.

ದಾನೇಶ್ವರಿ ಆಗ ಹೊರಗೆ ಚೀಟಿಯ ಸಾಲಿನಲ್ಲಿದ್ದಳು. ಒಳಗಿಂದ ಬಂದ ಅವ್ವನ ಮುಖ ಸುಣ್ಣ ಬಳಿದ ಗೋಡೆಯಂತಿತ್ತು. ಮೆಟ್ರೋದಲ್ಲಿ ಮೂವರೂ ಒಂದೇ ಸಾಲಿನಲ್ಲಿ ಕೂತು ಬಂದರು. ಯಶವಂತಪುರ ದಾಟಿದ ಮೇಲೆ ಅವ್ವ ಅಪ್ಪನ ಕಡೆ ತಿರುಗದೆ, ಆ ವೈರಸ್ಸು ಎಲ್ಲಿಂದ ಹತ್ತಿಸಿಕೊಂಡು ಬಂದಿ ಎಂದು ಕೇಳಿದಳು. ಅಪ್ಪ ಮಗಳ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. ಮಗಳು ಪಕ್ಕದಲ್ಲಿ ಕೂತಿರುವಾಗ ಆ ಮಾತಿಗೆ ಹೌದು ಅಲ್ಲ ಎನ್ನುವುದು ಹೋಗಲಿ, ಆ ಮಾತು ಕಿವಿಗೆ ಬಿದ್ದಿದೆ ಎಂದು ತೋರಿಸಿಕೊಳ್ಳುವುದಕ್ಕೂ ಅವನಿಗೆ ನಾಚಿಕೆ. ಅವನ ಮೌನವನ್ನು ಅವ್ವ ಉತ್ತರ ಎಂದುಕೊಂಡಳು.

ಮರುದಿನ ಸ್ಟೀಲಿನ ತಾಟು ಅಟ್ಟಕ್ಕೆ ಹೋಯಿತು. ಸಂತೆಯಿಂದ ಹಸಿರು ತಾಟು ಬಂತು. ಅಷ್ಟರಲ್ಲೇ ಊರಲ್ಲಿ ಚಿಕ್ಕಮ್ಮನ ಮಗಳ ಬಾಣಂತನ ಬಂತು. ಅವ್ವ ಹದಿನೈದು ದಿನಕ್ಕೆಂದು ಹೋದವಳು ಬರಲಿಲ್ಲ. ಫೋನಿನಲ್ಲಿ ಮಗಳ ಜೊತೆ ಮಾತಾಡುವಳು. ಅಪ್ಪನ ಹೆಸರು ಬಂದರೆ ಮಾತು ನಿಲ್ಲಿಸುವಳು. ಒಮ್ಮೆ ಮಾತ್ರ, ಅದು ಸುಳ್ಳು ಇರಬಹುದವ್ವಾ ಎಂದು ದಾನೇಶ್ವರಿ ಹೇಗೋ ಬಾಯಿಬಿಟ್ಟು ಹೇಳಿದಾಗ, ಅವ್ವ ಅಂದಳು: "ಸುಳ್ಳಿದ್ರ ಅಷ್ಟು ಮಂದಿ ಮುಂದ ಹೂಂ ಯಾಕಂದ? ನನ್ನ ಮಾರಿ ಮುಂದ ಅಂದಾನ, ದಾನಿ. ನಾ ಅಲ್ಲೇ ನಿಂತಿದ್ನಿ."

ಅಪ್ಪನನ್ನು ಕೇಳಲು ದಾನೇಶ್ವರಿಗೆ ಬಾಯಿ ಬರುವಂತಿರಲಿಲ್ಲ. ಆ ಪರೀಕ್ಷೆ ಏನು ಹೇಳುತ್ತದೋ ಹೇಳಲಿ ಎಂದು ಕಾದಳು. ವೈರಸ್ ಇಲ್ಲ ಎಂದು ಬಂದರೆ ಅವ್ವ ಬರುತ್ತಾಳೆ. ಇದೆ ಎಂದು ಬಂದರೆ, ಮುಂದಿನದನ್ನು ಅವಳು ಯೋಚಿಸುತ್ತಿರಲಿಲ್ಲ. ಕಾರ್ಖಾನೆಯಲ್ಲಿ ವಾಷರುಗಳು ಬೀಳುತ್ತಿದ್ದವು, ಅವಳು ಒಂದೊಂದನ್ನೂ ಬೆಳಕಿಗೆ ಹಿಡಿಯುತ್ತಿದ್ದಳು.

ಇವತ್ತು ಉತ್ತರ ಸಿಗುವ ದಿನ.

ಆಸ್ಪತ್ರೆಯಲ್ಲಿ ಹಿರಿಯ ಡಾಕ್ಟರರ ಕೋಣೆಗೆ ಇಬ್ಬರನ್ನೂ ಒಟ್ಟಿಗೆ ಕರೆದರು. ನಿವೇದಿತಾ ಪಕ್ಕದಲ್ಲಿ ನಿಂತಿದ್ದಳು. ಹಿರಿಯರು ಚಿತ್ರಗಳನ್ನು ದೀಪದ ಹಲಗೆಗೆ ಸಿಕ್ಕಿಸಿ ನೋಡಿದರು. ಗಡ್ಡೆಯಲ್ಲಿ ಒಂದು ಕಡೆ ಕ್ಯಾನ್ಸರ್ ಶುರುವಾಗಿದೆ, ಇನ್ನು ಒಳಗಿಂದ ತೆಗೆದರೆ ಸಾಲದು, ಕೆನ್ನೆ ಕೊಯ್ದು ಮೂಳೆಯ ಸಮೇತ ತೆಗೆಯಬೇಕು, ಎಡಗಣ್ಣನ್ನು ಉಳಿಸಲು ನೋಡುತ್ತೇವೆ, ಮಾತು ಕೊಡಲಾಗದು ಎಂದರು. ಗುರುವಾರ ಜಾಗವಿದೆ ಎಂದರು. ಗಂಗಪ್ಪ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ.

"ನೋವು ಕಡಿಮೆ ಆಗಿದೆಯೇನಪ್ಪಾ?"

"ಹೂಂರೀ ಸಾರ್."

"ರಾತ್ರಿ ಜಾಸ್ತಿ ಆಗುತ್ತಾ?"

"ಹೂಂರೀ."

"ವಾಸನೆ ಗೊತ್ತಾಗುತ್ತಾ?"

"ಹೂಂರೀ ಸಾರ್."

ಹಿರಿಯರು ಬರೆದುಕೊಂಡರು. ದಾನೇಶ್ವರಿಗೆ ಬೆಳಗಿನ ಹಾಲು ನೆನಪಾಯಿತು. ಅವಳು ನೀರಿಗೆ ಹೋಗಿದ್ದಾಗ ಹಾಲು ಉಕ್ಕಿ, ತಳ ಹಿಡಿದು, ಕೋಣೆಯೆಲ್ಲ ಸುಟ್ಟ ವಾಸನೆ ತುಂಬಿತ್ತು. ಅಪ್ಪ ಒಲೆಯ ಪಕ್ಕದಲ್ಲೇ ಬೆನ್ನು ಮಾಡಿ ಕೂತು ಕಾಲ್ಬೆರಳ ಉಗುರು ಕತ್ತರಿಸಿಕೊಳ್ಳುತ್ತಿದ್ದ. ಅವನಿಗೆ ಏನೂ ಗೊತ್ತಾಗಿರಲಿಲ್ಲ.

ಅವಳಿಗೆ ಮಾತು ಬಂತು, ಬಹಳ ಸಣ್ಣದಾಗಿ.

"ವಾಸನಿ ಬರಂಗಿಲ್ರೀ ಅವಗ."

ಹಿರಿಯರು ತಲೆ ಎತ್ತಿದರು. ಅಪ್ಪನೇ ಬರುತ್ತದೆ ಅಂದನಲ್ಲ ಎಂದರು. ದಾನೇಶ್ವರಿ ನೆಲ ನೋಡುತ್ತ, ಅವನು ಎಲ್ಲದಕ್ಕೂ ಹಾಗೇ ಅನ್ನುತ್ತಾನೆ ಎಂದಳು. ಬೀಡಿಯನ್ನು ಅವನು ಮುಟ್ಟಿದವನಲ್ಲ, ಸೇದುತ್ತೇನೆ ಅಂದಿದ್ದಾನಂತೆ. ಸೆರೆ ಕುಡಿದವನಲ್ಲ. ಅದಕ್ಕೂ ಹೂಂ ಅಂದಿದ್ದಾನಂತೆ. ಅಷ್ಟು ಹೇಳಿ ನಿಂತಳು. ಮೂರನೆಯದನ್ನು ಅವಳು ಹೇಳಲಿಲ್ಲ. ಹೇಳಬೇಕಾಗಲೂ ಇಲ್ಲ. ನಿವೇದಿತಾಳ ಮುಖದಲ್ಲಿ ಏನೋ ಅಲುಗಿತು. ಅವಳು ಗಂಗಪ್ಪನ ಮುಂದೆ ಬಂದು ಬಗ್ಗಿ, ಮೆಲ್ಲಗೆ ಕೇಳಿದಳು.

"ಗಂಗಪ್ಪನವ್ರೇ, ಇವತ್ತು ಮೆಟ್ರೋ ನೀವೇ ಓಡಿಸ್ಕೊಂಡು ಬಂದ್ರಾ?"

"ಹೂಂರೀ ಮೇಡಂ."

ಕೋಣೆಯಲ್ಲಿ ಯಾರೂ ನಗಲಿಲ್ಲ. ಗಂಗಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ತಪ್ಪು ಮಾಡಿದೆನೇನೋ ಎಂಬಂತೆ ಕೈ ಮುಗಿದ. ಹಿರಿಯರು ಬರೆದದ್ದನ್ನು ಹೊಡೆದುಹಾಕಿ, ಇನ್ನು ಮುಂದೆ ಮಗಳನ್ನೇ ಕೇಳಿ ಎಂದು ನಿವೇದಿತಾಳಿಗೆ ಹೇಳಿದರು. ಆಮೇಲೆ ಮಾತು ಮುಗಿಸಿ ಕಳಿಸುವ ದನಿಯಲ್ಲಿ, ದೊಡ್ಡ ಆಪರೇಷನ್ನು, ಆಮೇಲೆ ಹತ್ತಿರದಲ್ಲಿ ಒಬ್ಬರು ಬಿಡದೆ ಇರಬೇಕಾಗುತ್ತದೆ, ಗುರುವಾರ ಮನೆಯವರು ಬರುತ್ತಾರೇನಪ್ಪಾ ಎಂದು ಕೇಳಿದರು.

ಗಂಗಪ್ಪ ಈ ಸಲ ಸ್ವಲ್ಪ ತಡೆದ. ಮಗಳ ಕಡೆ ನೋಡಲಿಲ್ಲ.

"ಹೂಂರೀ," ಅಂದ.

ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಅಪ್ಪನನ್ನು ಕೂರಿಸಿ ದಾನೇಶ್ವರಿ ನಿವೇದಿತಾಳ ಹಿಂದೆ ನಿಂತಳು. ಕೇಳಬೇಕಾದದ್ದನ್ನು ಹೇಗೆ ಕೇಳಬೇಕೆಂದು ತಿಳಿಯದೆ ಚೀಲದ ಹಿಡಿಕೆ ತಿರುವುತ್ತಿದ್ದಳು. ನಿವೇದಿತಾ ತಾನೇ ಕಿಟಕಿಯ ಬಳಿ ಕರೆದುಕೊಂಡು ಹೋಗಿ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ನೇರಳೆ ಬಣ್ಣದ ಹೊಲದಂತಿತ್ತು. ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ. ನಿಮ್ಮ ಅಪ್ಪನ ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ನೋಡಿದ್ದು ಇದು ಎಂದಳು.

ಮೈಯ ಜೀವಕೋಶ ಒಂದು ಒಡೆದು ಎರಡಾಗುತ್ತ ಇರುತ್ತದೆ, ಆದರೆ ಅದಕ್ಕೊಂದು ಲೆಕ್ಕವಿದೆ. ಈಗ ಒಡೆಯಬೇಡ, ನಿಲ್ಲು ಎಂದು ತಡೆಯುವ ಪ್ರೋಟೀನುಗಳು ಒಳಗೇ ಇರುತ್ತವೆ ಎಂದು ವಿವರಿಸಿದಳು. ಆ ವೈರಸ್ ಸೇರಿಕೊಂಡರೆ ಮೊದಲು ಮಾಡುವ ಕೆಲಸ ಆ ತಡೆಯನ್ನು ಹಿಡಿದು ಕಟ್ಟಿಹಾಕುವುದು. ಕೋಶ ಗಾಬರಿಯಾಗಿ ಇನ್ನೊಂದು ತಡೆಯ ಪ್ರೋಟೀನನ್ನು ರಾಶಿ ರಾಶಿ ಮಾಡುತ್ತದೆ, ಏನೂ ಉಪಯೋಗವಾಗುವುದಿಲ್ಲ. ಆ ರಾಶಿಗೆ ಬಣ್ಣ ಹಾಕಿದರೆ ಇಡೀ ಹೊಲ ಕಂದಾಗುತ್ತದೆ.

ದಾನೇಶ್ವರಿಗೆ ಕಾರ್ಖಾನೆಯ ಬಸಲಿಂಗನ ಪ್ರೆಸ್ಸು ಕಣ್ಣಿಗೆ ಬಂತು. ಅದರಲ್ಲಿ ಎರಡು ಗುಂಡಿಗಳಿದ್ದವು. ಎರಡೂ ಕೈಯಿಂದ ಎರಡನ್ನೂ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗಿಳಿಯಬೇಕು. ಕೈಗಳೆರಡೂ ಗುಂಡಿಯ ಮೇಲಿದ್ದರೆ ಅಚ್ಚಿನ ಕೆಳಗೆ ಸಿಕ್ಕುವುದಿಲ್ಲ. ಬಸಲಿಂಗ ಬೇಗ ಕೆಲಸವಾಗಲೆಂದು ಒಂದು ಗುಂಡಿಯನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಒತ್ತಿ ಕಟ್ಟಿಬಿಡುತ್ತಿದ್ದ. ಆಮೇಲೆ ಅಚ್ಚು ನಿಲ್ಲದೆ ಬೀಳುತ್ತಿತ್ತು, ಬೀಳುತ್ತಲೇ ಇರುತ್ತಿತ್ತು. ನೋಡಿದರೆ ಭಯ, ಬೇಡ ಎನ್ನಲು ಇವಳಿಗೆ ಮಾತು ಬಾರದು. ಬಸಲಿಂಗ ಅವಳ ಕಣ್ಣು ನೋಡಿ, "ಯಾಕ ಬೇ ದಾನಿ, ನನ್ನ ಬೆರಳ ಎಣಸಾಕತ್ತೀ? ಹತ್ತೂ ಅದಾವು," ಎಂದು ನಗುತ್ತಿದ್ದ.

"ಇಲ್ಲಿ ನೋಡು, ಕಂದು ಕಮ್ಮಿ ಇದೆ," ಎಂದಳು ನಿವೇದಿತಾ. "ವೈರಸ್ಸನ್ನೇ ಹುಡುಕೋ ಬೇರೆ ಪರೀಕ್ಷೆನೂ ಮಾಡಿದೀನಿ. ಸಿಕ್ಕಿಲ್ಲ. ನಿಮ್ಮಪ್ಪಂಗೆ ವೈರಸ್ ಇಲ್ಲಮ್ಮ."

ಇಲ್ಲಿ ತಡೆಯನ್ನು ಕಟ್ಟಿಹಾಕಿದವರು ಯಾರೂ ಇಲ್ಲ. ಬೇರೊಂದು ತಡೆ ತಾನಾಗಿ ಕೆಟ್ಟಿದೆ, ಅದು ಯಾಕೆ ಕೆಟ್ಟಿತೆಂದು ಹೇಳಲಾಗದು, ಮರದ ಹೊಟ್ಟು ಇರಬಹುದು, ಇಲ್ಲದೆಯೂ ಇರಬಹುದು ಎಂದಳು. ದಾನೇಶ್ವರಿಗೆ ಅದು ಪೂರ್ತಿ ಕೇಳಿಸಲಿಲ್ಲ. ವೈರಸ್ ಇಲ್ಲ ಎಂಬುದೊಂದೇ ಕಿವಿಯಲ್ಲಿ ನಿಂತಿತು. ಇದನ್ನು ಒಂದು ಹಾಳೆಯಲ್ಲಿ ಬರೆದು ಕೊಡುತ್ತೀರಾ, ಅವ್ವನಿಗೆ ಓದಿ ಹೇಳಬೇಕು, ಅಪ್ಪ ಅಂಥವನಲ್ಲ ಎಂದು ಹೇಳಬೇಕು ಎಂದಳು. ಅವಳು ಹೊರಗಿನವರ ಜೊತೆ ಇಷ್ಟು ಉದ್ದ ಮಾತಾಡಿದ್ದೇ ಇಲ್ಲ.

ನಿವೇದಿತಾ ಫೋನಿನ ಚಿತ್ರವನ್ನು ಮುಚ್ಚಿದಳು. ಆಮೇಲೆ ಮುಖ ಬೇರೆ ಕಡೆ ತಿರುಗಿಸದೆ ಹೇಳಿದಳು.

"ಬರ್ದು ಕೊಡಬಹುದು. ಆದ್ರೆ ಅದು ಅಮ್ಮನ ಪ್ರಶ್ನೆಗೆ ಉತ್ತರ ಅಲ್ಲ. ಏನೂ ತಪ್ಪು ಮಾಡದೋರಲ್ಲೂ ಈ ವೈರಸ್ ಇರುತ್ತೆ. ತಪ್ಪು ಮಾಡಿರೋರಲ್ಲಿ ಇಲ್ದೇನೂ ಇರುತ್ತೆ. ಅವ್ರು ಎಂಥೋರು ಅಂತ ಈ ಬಣ್ಣ ಹೇಳಲ್ಲ."

ದಾನೇಶ್ವರಿ ಚೀಲದ ಹಿಡಿಕೆ ಬಿಟ್ಟಳು. ಮೆಲ್ಲಗೆ ಕೇಳಿದಳು.

"ತಾಟಿನಾಗ ಉಂಡ್ರ ಬರ್ತೈತೇನ್ರೀ?"

"ಯಾವ ತಾಟು?"

ಅವಳು ಹೇಳಲಿಲ್ಲ. ನಿವೇದಿತಾ ಅವಳನ್ನೇ ನೋಡುತ್ತ ನಿಂತು, ಉಂಡರೆ ಬರುವುದಿಲ್ಲ, ಯಾವ ತಾಟಿನಲ್ಲಿ ಉಂಡರೂ ಬರುವುದಿಲ್ಲ ಎಂದಳು. ಆ ಪ್ರಶ್ನೆಯನ್ನು ನಿಮ್ಮ ಅಮ್ಮನನ್ನು ಹೊರಗೆ ಕಳಿಸಿ ಕೇಳಬೇಕಿತ್ತು ಎಂದೂ ಹೇಳಿದಳು. ಯಾರೋ ಕರೆದರು, ಹೋದಳು.

ಮರಳುವಾಗ ಮೆಟ್ರೋ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಒಂದು ರೈಲನ್ನು ಬಿಟ್ಟರು, ಜನ ಬಹಳವಿತ್ತು. ಅಪ್ಪನ ಮೂಗಿನಿಂದ ಒಂದು ಎಳೆ ಕೆಂಪು ಇಳಿಯಿತು, ಅವನು ಟವೆಲ್ಲಿನಿಂದ ಒತ್ತಿಕೊಂಡ. ಕೇಳಬಾರದೆಂದು ಅಂದುಕೊಂಡಿದ್ದ ದಾನೇಶ್ವರಿ, ಆ ದಿನ ಯಾಕೆ ಹಾಗೆ ಅಂದೆ ಎಂದು ಕೇಳಿದಳು. ಯಾವ ದಿನ ಎಂದು ಅವನು ಕೇಳಲಿಲ್ಲ. ಎದುರಿನ ಹಳಿಯ ಕಡೆ ತಿರುಗಿದ. ಟವೆಲ್ಲಿನ ಒಳಗಿಂದ ಮಾತು ಬಂತು.

"ದೊಡ್ಡೋರು ಕೇಳಿದ್ರ ಇಲ್ಲ ಅನ್ನಾಕ ಬಾಯಿ ಬರಂಗಿಲ್ಲ, ಯವ್ವಾ. ಇಲ್ಲ ಅಂದ್ರ ಎಬ್ಬಿಸಿ ಕಳಸ್ತಾರ ಅನಸ್ತೈತಿ. ಮಾತು ಮುಗದ ಮ್ಯಾಲ ತಿಳೀತು, ಏನು ಕೇಳಿದ್ರಂತ. ಆಗ ನಿಮ್ಮವ್ವ ಹೊರಗ ನಡದುಬಿಟ್ಟಿದ್ಲು."

ಅವ್ವನಿಗೆ ಅದನ್ನು ಹೇಳಬಾರದಿತ್ತೇ ಎಂದಳು. ಅವನು ಮಗಳ ಮುಂದೆ ಇನ್ನು ಮಾತಾಡಲಾರದವನಂತೆ ಟವೆಲ್ಲನ್ನು ಮುಖದ ಮೇಲೆ ಇನ್ನೂ ಒತ್ತಿಕೊಂಡ. ಮುಂದಿನ ರೈಲು ಬಂತು. ಜನ ನೂಕಿದರು. ಅವರು ಒಳಗೆ ಬೇರೆ ಬೇರೆ ಬಾಗಿಲ ಹತ್ತಿರ ನಿಂತು ಬಂದರು. ಪೀಣ್ಯದಲ್ಲಿ ಇಳಿದಾಗ ಒಬ್ಬರನ್ನೊಬ್ಬರು ಹುಡುಕಿಕೊಂಡರು.

ಸಂಜೆ ದಾನೇಶ್ವರಿ ರೊಟ್ಟಿ ಬಡಿದಳು. ಅಟ್ಟದ ಹಲಗೆಗೆ ಕೈ ಹಾಕಿ ಸ್ಟೀಲಿನ ತಾಟನ್ನು ಇಳಿಸಿದಳು. ಧೂಳು ಕೂತಿತ್ತು. ಅದನ್ನು ತೊಳೆದು, ಎಲ್ಲ ಪಾತ್ರೆಯ ಜೊತೆ ತೊಳೆಯುವ ನಾರಿನಿಂದಲೇ ತೊಳೆದು, ರೊಟ್ಟಿ, ಪುಂಡಿಪಲ್ಯ ಬಡಿಸಿ ಅಪ್ಪನ ಮುಂದೆ ಇಟ್ಟಳು. ಅವನು ತಾಟನ್ನು ನೋಡಿದ. ಅಂಚಿನ ತಗ್ಗನ್ನು ಹೆಬ್ಬೆರಳಿನಿಂದ ಸವರಿದ. ಅಗಿಯುವಾಗ ಎಡಗೆನ್ನೆ ನೋಯುತ್ತಿತ್ತು. ಬಲಗಡೆಯಿಂದ ನಿಧಾನ ಉಂಡ. ಏಳುವಾಗ ಬೆಲ್ಲದ ಚೂರೊಂದು ಅಂಚಿನಲ್ಲಿತ್ತು. ಬೇಕೆಂದು ಬಿಟ್ಟನೋ, ನೋವಿಗೆ ಬಿಟ್ಟನೋ, ಅವಳಿಗೆ ತಿಳಿಯಲಿಲ್ಲ.

ಆ ತಾಟನ್ನು ಅವಳು ನಲ್ಲಿಗೆ ಒಯ್ಯಲಿಲ್ಲ. ಬೆಲ್ಲಕ್ಕೆ ಇರುವೆ ಬಾರದಂತೆ ಮೇಲೊಂದು ಮುಚ್ಚಳ ಬೋರಲು ಹಾಕಿ ಅಡಿಗೆಯ ಕಟ್ಟೆಯ ಮೇಲೆ ಇಟ್ಟಳು. ಅಪ್ಪ ಒಳಗೆ ಗೋಡೆಗೆ ತಿರುಗಿ ಮಲಗಿದ. ಅವಳು ಫೋನು ಹಿಡಿದು ಹೊಸ್ತಿಲಿನಾಚೆ ಬಂದಳು.

ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದಳು. ಚಿಕ್ಕಮ್ಮ ಫೋನು ಎತ್ತಿ, ಮಗು ನಗುವುದು ಕಲಿತಿದೆ ಎಂದು ಹೇಳಿ, ಅವ್ವನ ಕೈಗೆ ಕೊಟ್ಟಳು. ಉಂಡಿಯಾ ಎಂದು ಅವ್ವ ಕೇಳಿದಳು. ಕೆಲಸಕ್ಕೆ ಹೋಗಿದ್ದೆಯಾ ಎಂದು ಕೇಳಿದಳು. ದಾನೇಶ್ವರಿ ಒಂದೊಂದಕ್ಕೂ ಹೂಂ ಅಂದಳು. ಅಂದು, ತಾನೇ ಬೆಚ್ಚಿ, ಇಲ್ಲ, ಉಂಡಿಲ್ಲ, ಕೆಲಸಕ್ಕೂ ಹೋಗಿಲ್ಲ, ಆಸ್ಪತ್ರೆಗೆ ಹೋಗಿದ್ದೆವು ಎಂದಳು.

ಆ ಕಡೆ ಮಾತು ನಿಂತಿತು. ಅವಳು ನಿಲ್ಲಿಸಲಿಲ್ಲ. ವೈರಸ್ ಇಲ್ಲವಂತೆ, ಆದರೆ ಡಾಕ್ಟರು ಅದನ್ನು ಸಾಕ್ಷಿ ಮಾಡಬೇಡ ಅಂದಿದ್ದಾರೆ ಎಂದಳು. ತಾಟಿನಿಂದ ಏನೂ ಬರುವುದಿಲ್ಲವಂತೆ. ಅಪ್ಪನಿಗೆ ವಾಸನೆ ಬಾರದು, ಬರುತ್ತದೆ ಅಂದ. ಮೆಟ್ರೋ ನೀನೇ ಓಡಿಸಿದೆಯಾ ಎಂದು ಕೇಳಿದರು, ಹೂಂರೀ ಅಂದ. ಹುಲಿ ಏನೋ ಎಂದು ಕೇಳಿದರೂ ಹೂಂ ಅನ್ನುತ್ತಾನೆಂದು ನೀನೇ ಹೇಳುತ್ತಿದ್ದೆಯಲ್ಲ ಎಂದಳು. ತುಂಡುತುಂಡಾಗಿ, ತಡೆತಡೆದು, ಜೋಡಿಸಿಕೊಂಡದ್ದು ಹಿಂದುಮುಂದಾಗಿ ಬಂತು. ಕೆನ್ನೆ ಕೊಯ್ಯುವುದನ್ನು ಹೇಳಿದಳು. ಕಣ್ಣಿನದು ಗೊತ್ತಿಲ್ಲ ಎಂದಳು.

ಫೋನಿನಲ್ಲಿ ಬಳೆಯ ಸದ್ದು ಕೇಳಿಸಿತು. ಅವ್ವ ಇದ್ದಾಳೆ, ಇಟ್ಟು ಹೋಗಿಲ್ಲ.

"ಗುರುವಾರ ನೀ ಬರ್ತೀಯೇನಂತ ಡಾಕ್ಟರು ಕೇಳಿದ್ರು ಅವ್ವಾ. ಅಪ್ಪ ಅದಕ್ಕೂ ಹೂಂ ಅಂದಾನ."

ಗಲ್ಲಿಯ ತುದಿಯಲ್ಲಿ ಎರಡನೇ ಪಾಳಿಯ ಬಸ್ಸು ತಿರುಗಿ ಹೋಯಿತು. ಅದರ ಬೆಳಕು ಕಿಟಕಿಯ ಸರಳಿನ ಮೇಲೆ ಹರಿದು, ಹಸಿರು ತಾಟನ್ನು ಮುಟ್ಟಿ, ಹಾದುಹೋಯಿತು. ದೂರದ ಆ ಮನೆಯಲ್ಲಿ ಮಗು ಅತ್ತಿತು. ಯಾರೋ ತೂಗಿದರು, ಸುಮ್ಮನಾಯಿತು. ಕರೆ ಇನ್ನೂ ಕಡಿದಿರಲಿಲ್ಲ. ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ತಾಟು ತೊಳದಿಲ್ಲ. ಹಂಗ ಇಟ್ಟೀನಿ. ಬಾ ಅವ್ವಾ."